ಅತ್ತೆಯ ಎದೆಯ ಬಿಸಿ

ನನ್ನ ಮಗಳು ಎಂಟು ತಿಂಗಳಿಗೇ ಹುಟ್ಟಿದಳು. ತೂಕ 1,600 ಗ್ರಾಂ. ನಮ್ಮ ದೇವಾಪುರದಲ್ಲಿ ಆಗ ಹತ್ತಿ ಬಿಡಿಸುವ ಕಾಲ. ನನ್ನ ಕಾಲು ಬಾತು, ಕಣ್ಣು ಮಂಜಾಗಿ, ತಲೆ ಸಿಡಿಯುತ್ತಿತ್ತು. ಬಿ.ಪಿ. ಏರಿದೆ, ಕೂಡಲೇ ಹೆರಿಗೆ ಆಗಬೇಕು ಎಂದರು. ಹೆರಿಗೆಯಾದ ಕಡೆ ಕೂಸನ್ನು ಬೆಚ್ಚಗಿಡುವ ಯಂತ್ರ ಕೆಟ್ಟಿತ್ತು. ಹಸಿ ಬಟ್ಟೆಯಲ್ಲೇ ಸುತ್ತಿ ಅತ್ತೆಯ ಕೈಗಿಟ್ಟು, "ಯಾದಗಿರಿಗೆ ಒಯ್ಯಿರಿ" ಎಂದರು. ದಾರಿಯಲ್ಲಿ ಹೇಗೆ ಹಿಡಿಯಬೇಕೆಂದು ಒಬ್ಬರೂ ಹೇಳಲಿಲ್ಲ. ಆ ಸಿಟ್ಟು ನನಗಿನ್ನೂ ಆರಿಲ್ಲ.

108 ಆಂಬುಲೆನ್ಸ್ ಬಂತು. ಶಹಾಪುರ ಹಾದು, ಭೀಮಾ ನದಿ ದಾಟಿ ಹೋಗಬೇಕು. ಐವತ್ತು ಕಿಲೋಮೀಟರಿಗೂ ಮೀರಿದ ದಾರಿ, ಮೇಲೆ ಚಳಿಗಾಲದ ರಾತ್ರಿ. ನಾನು ಮಲಗಿದಲ್ಲಿಂದಲೇ ಕೈಚಾಚಿ ಕೂಸಿನ ಅಂಗಾಲು ಮುಟ್ಟಿದೆ. ತಣ್ಣಗಿತ್ತು. ಅಳುವೇ ಇರಲಿಲ್ಲ.

ಗಾಡಿಯಲ್ಲಿದ್ದ ನರ್ಸ್ ಹುಡುಗಿಯೂ ಮುಟ್ಟಿ ನೋಡಿದಳು. "ಯಮ್ಮಾ, ಕುಬಸದ ಗಂಟು ಬಿಚ್ಚ್ರಿ. ಕೂಸಿನ ಬರಿಮೈ ನಿಮ್ಮ ಎದಿಗಿ ಹತ್ತಬೇಕು."

"ಮಗ ಕುಂತಾನಲ್ಲವ್ವ," ಅಂದರು ಅತ್ತೆ.

"ಅವ್ರು ಆಕಡಿ ತಿರುಗ್ಲಿ. ಕೂಸು ಉಳೀಬೇಕಲ್ರಿ?"

ನನ್ನ ಗಂಡ ಕಿಟಕಿಯತ್ತ ತಿರುಗಿದರು. ಹುಡುಗಿ ಹಸಿ ಬಟ್ಟೆ ಕಿತ್ತು, ಮೈಯೊರೆಸಿ, ಕೈಕಾಲು ಕಪ್ಪೆಯ ಹಾಗೆ ಅಗಲಿಸಿ ಕೂಸನ್ನು ಅತ್ತೆಯ ಎದೆಯ ಮೇಲೆ ಬೋರಲು ಮಲಗಿಸಿದಳು. ಮೂಗು ಮುಚ್ಚದಂತೆ ಮುಖ ಒಂದು ಮಗ್ಗುಲಿಗೆ. ಗಂಡನ ಮಫ್ಲರ್ ತಲೆಗೆ ಸುತ್ತಿ, ಮೇಲೆ ಸೆರಗು, ಅದರ ಮೇಲೆ ಕಂಬಳಿ ಹೊದಿಸಿದಳು. ಶಹಾಪುರದ ದೀಪ ಕಾಣುವ ಹೊತ್ತಿಗೆ ಮತ್ತೆ ಅಂಗಾಲು ಮುಟ್ಟಿದೆ. ಬಿಸಿ ಹತ್ತಿತ್ತು. ಸೆರಗಿನೊಳಗಿಂದ ಸಣ್ಣಗೆ ಕುಂಯ್ ಅಂದ ದನಿ ಕೇಳಿ ನಾನು ಅತ್ತುಬಿಟ್ಟೆ.

ದಿನ ತುಂಬದ ಕೂಸಿಗೆ ಮೈ ಕಾಯಿಸಿಕೊಳ್ಳುವಷ್ಟು ಕೊಬ್ಬಿರುವುದಿಲ್ಲ. ಮೈ ತಣ್ಣಗಾದರೆ ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರು ಸೋಲುತ್ತದೆ. ಇದನ್ನು ನನಗೆ ತಿಳಿಸಿದ್ದು ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದ ಸಿಸ್ಟರ್. ಅಲ್ಲಿ ಕೂಸು ಯಂತ್ರದ ಕೆಳಗೆ, ಮೂಗಿನಲ್ಲಿ ನಳಿಗೆ. ನಾನು ಬೇರೆ ವಾರ್ಡಿನಲ್ಲಿ. ಹಾಲು ಹಿಂಡಿ ಸ್ಟೀಲ್ ಬಟ್ಟಲಲ್ಲಿ ಕೊಟ್ಟರೆ ಅತ್ತೆ ಒಯ್ಯುತ್ತಿದ್ದರು. ಮೊದಮೊದಲು ತಳ ಮುಚ್ಚುವಷ್ಟೂ ಬರುತ್ತಿರಲಿಲ್ಲ. ಆ ದಿನಗಳನ್ನು ಹೇಗೆ ಕಳೆದೆನೋ ಹೇಳಲಾರೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಬಿಲ್ಲಿನ ಭಾರ ಬೀಳಲಿಲ್ಲ, ಆದರೆ ಮನೆಯ ಮೂವರ ಕೂಲಿ ಹೋಯಿತು.

ಉಸಿರಾಟ ಸರಿಹೋದ ಮೇಲೆ ನಾನೂ ಅತ್ತೆಯೂ ಸರದಿಯ ಮೇಲೆ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತೆವು. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. ಕೊಲಂಬಿಯಾ ದೇಶದ ಬೊಗೋಟಾದ ವೈದ್ಯರು 1970ರ ದಶಕದ ಕೊನೆಯಲ್ಲಿ, ಇನ್‌ಕ್ಯುಬೇಟರ್ ಸಾಲದೆ ಬಂದಾಗ, ಶುರುಮಾಡಿದ್ದು. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಊರೂರಿನ ತಾಯಂದಿರೊಡನೆ ಈ ಕೆಲಸ ನಡೆದಿದೆ. ಹುಟ್ಟಿದ ಕೂಡಲೇ ಇದನ್ನು ಆರಂಭಿಸಿ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಆ ನರ್ಸ್ ಹುಡುಗಿಗೆ ಗೊತ್ತಿದ್ದದ್ದು ಹೆರಿಗೆ ಕೋಣೆಯಲ್ಲಿ ಯಾಕೆ ನಡೆಯಲಿಲ್ಲ? ಕಾಸಿನ ಖರ್ಚಿಲ್ಲದ ಕೆಲಸವಲ್ಲವೇ?

ಒಂದು ಮಧ್ಯಾಹ್ನ ಕೂಸನ್ನು ಹೊತ್ತುಕೊಂಡೇ ಅತ್ತೆ ಹೇಳಿದರು: "ನನ್ನವು ಎರಡು ಕೂಸು ಹಿಂಗೇ ತಣ್ಣಗಾಗಿ ಹೋದವು. ಗಾಳಿ ಸೋಕೇದ ಅಂತ ತಾಯ್ತ ಕಟ್ಟಿದ್ರು." ನಾನು ಮನೆಗೆ ಬಂದು ಇಷ್ಟು ವರ್ಷವಾದರೂ ಆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ.

ಊರಿಗೆ ಬಂದ ಮೇಲೆ ನೆರೆಯವರು ಜೇನು ನೆಕ್ಕಿಸಿ, ಎರೆದು, ಲೋಬಾನ ಹಾಕಿರೆಂದರು. ಅತ್ತೆ ಒಪ್ಪಲಿಲ್ಲ, ಆಶಾ ಅಕ್ಕ ಬಂದು ತೂಗಿ, ಉಸಿರು ಎಣಿಸಿ, "ಇನ್ನೂ ಎರೀಬ್ಯಾಡ್ರಿ" ಎಂದದ್ದನ್ನೇ ಎಲ್ಲರಿಗೂ ಹೇಳಿದರು. ಈಗ ಓಣಿಯಲ್ಲಿ ಯಾರಿಗೆ ದಿನ ತುಂಬುತ್ತ ಬಂದರೂ ಅತ್ತೆ ಹೋಗಿ ಕೇಳುತ್ತಾರೆ: ಒಣ ಬಟ್ಟೆ ಎತ್ತಿಟ್ಟೀರೇನು, ದಾರಿಯೊಳಗ ಕೂಸನ್ನ ಎದಿಗಿ ಹಾಕ್ಕೊಳ್ಳೋರು ಯಾರು?