ಚೋಮ ಬಾಗ್ಲು ಯಾಕೆ ಹಾಕ್ಕಂಡ?

ನಮ್ಮೂರ ಸಂತೆಮಾಳದಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಎದ್ದಿತೆಂದರೆ ಕೇರಿಗೆಲ್ಲ ಹಬ್ಬ. ಹೋಟೆಲಿನಲ್ಲಿ ನಮಗೆ ಬೇರೆ ಲೋಟ. ಗುಡಿಯ ಜಗಲಿ ಹತ್ತುವಂತಿಲ್ಲ. ಟೆಂಟಿನೊಳಗೆ ಮಾತ್ರ ಕತ್ತಲು. ಆ ಕತ್ತಲಿಗೆ ಜಾತಿ ಕಾಣುತ್ತಿರಲಿಲ್ಲ. ನೆಲದ ಟಿಕೇಟು ತಗೊಂಡು, ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ರೀಲು ಬದಲಾಯಿಸಲು ದೀಪ ಹಾಕಿದಾಗ ಮಾತ್ರ ಊರಿನವರು ನಮ್ಮನ್ನು ಕಂಡು ಒಂದು ಮಾರು ದೂರ ಸರಿಯುತ್ತಿದ್ದರು.

1972ರ 'ಬಂಗಾರದ ಮನುಷ್ಯ' ಬಂದಾಗ ರಾಜ್‌ಕುಮಾರ್ ಬಂಜರು ನೆಲವನ್ನು ಹಸಿರು ಮಾಡಿದ್ದಕ್ಕೆ ಗಂಟಲು ಹರಿಯುವಂತೆ ಶಿಳ್ಳೆ ಹೊಡೆದೆವು. ಮನೆಗೆ ಬಂದು ಮಲಗಿದ ಮೇಲೆ ಹೊಳೆಯಿತು: ಹಸಿರು ಮಾಡೋಕೆ ನಮಗೆ ಬಂಜರು ನೆಲ ಕೂಡ ಇರಲಿಲ್ಲ!

ಆಮೇಲೆ ಬಂತು 'ಚೋಮನ ದುಡಿ'. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಸಿನಿಮಾ. ಅದಕ್ಕೆ ಸ್ವರ್ಣಕಮಲ ಬಂದಿತ್ತು. ನಮಗೆ ಅದೆಲ್ಲ ಗೊತ್ತಿರಲಿಲ್ಲ. ಹೊಲೆಯನ ಕತೆಯಂತೆ ಅಂದರು, ಕೇರಿಗೆ ಕೇರಿಯೇ ಹೋಯಿತು. ನಮ್ಮಪ್ಪ ತಮಟೆಯವನು, ಅವನೂ ಬಂದ. ಚೋಮನ ಹತ್ತಿರ ಎತ್ತಿದೆ, ಉಳಲು ತುಂಡು ಭೂಮಿಯಿಲ್ಲ. ಅವನ ಮಗ ನೀರಿನಲ್ಲಿ ಮುಳುಗುತ್ತಿದ್ದರೆ ಮುಟ್ಟಿ ಎತ್ತಲು ದಡದವರು ಇಳಿಯುವುದಿಲ್ಲ. ಕೊನೆಗೆ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಬಡಿಯುತ್ತ ಸಾಯುತ್ತಾನೆ. ಟೆಂಟೆಲ್ಲ ಅತ್ತಿತು. ಹಿಂದೆ ಕುರ್ಚಿಯಲ್ಲಿ ಕೂತಿದ್ದ ಗೌಡರೂ ಟವಲಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾವು ಕಣ್ಣಾರೆ ಕಂಡೆವು.

ಬೆಳಿಗ್ಗೆ ಕೋಳಿ ಕೂಗೋ ಹೊತ್ತಿಗೆ ಅದೇ ಗೌಡರ ಆಳು ಬಂದ. "ಹಟ್ಟೀಲಿ ಎಮ್ಮೆ ಸತ್ತದೆ, ಎತ್ತಾಕ್ಬೇಕಂತೆ, ಬಾರ್ಲಾ." ಅಪ್ಪ ಹಗ್ಗ ತಗೊಂಡು ಹೊರಟ. ಹೊಸಿಲು ದಾಟುವಾಗ ನಮ್ಮ ಕಡೆ ತಿರುಗಿ ಒಂದು ಮಾತು ಕೇಳಿದ: "ಅಲ್ಲ ಕನ್ರುಲಾ, ಚೋಮ ಬಾಗ್ಲು ಯಾಕೆ ಹಾಕ್ಕಂಡ? ತಕ್ಕಂಡು ಬೀದೀಲಿ ಬಡೀಬೇಕಾಗಿತ್ತು."

ಓದು ಬರಹ ಇಲ್ಲದ ಅಪ್ಪ ಮಾಡಿದ ಈ ವಿಮರ್ಶೆ ನಮ್ಮನ್ನು ಇವತ್ತಿಗೂ ಬಿಟ್ಟಿಲ್ಲ. ಕಾರಂತರ ಮೇಲೆ ನಮಗೆ ಸಿಟ್ಟಿಲ್ಲ. 1933ರಲ್ಲಿ ಹೊಲೆಯನೊಬ್ಬ ಭೂಮಿ ಕೇಳಿದ ಅಂತ ಬರೆದದ್ದೇ ದೊಡ್ಡದು. ಆ ಚೋಮ ಕೇಳಿದ್ದು ನಮಗೂ ಸಿಕ್ಕಿರಲಿಲ್ಲ. 1974ರ ಭೂಸುಧಾರಣೆ ಕಾಯ್ದೆಯಲ್ಲಿ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಕೂಲಿ ಮಾಡುವ ಅಪ್ಪನಿಗೆ ಗೇಣಿಯೇ ಇರಲಿಲ್ಲ, ಅರ್ಜಿ ಯಾವುದಕ್ಕೆ ಹಾಕುವುದು?

ಆದರೆ ಗೌಡರು ಅತ್ತದ್ದು ಯಾಕೆ ಅನ್ನುವುದು ತಿಳಿದದ್ದು ಹಾಸ್ಟೆಲಿಗೆ ಬಂದ ಮೇಲೆ. ಹಿರಿಯ ಹುಡುಗನೊಬ್ಬ ರಟ್ಟು ಕಿತ್ತುಹೋದ ಪುಸ್ತಕ ಕೊಟ್ಟ. ಬಾಬಾಸಾಹೇಬರ 'ಜಾತಿ ವಿನಾಶ'. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಅಧ್ಯಕ್ಷ ಭಾಷಣ ಮಾಡಿ ಅಂತ ಕರೆದರು. ಜಾತಿ ಮುರಿಯಬೇಕು ಅನ್ನುವವರೇ ಅವರು. ಭಾಷಣ ಶಾಸ್ತ್ರಗಳ ಬುಡಕ್ಕೇ ಕೈ ಹಾಕಿದೆ ಅಂತ ಕಂಡಾಗ ತಿದ್ದಿ ಅಂದರು. ಬಾಬಾಸಾಹೇಬರು ಬಗ್ಗಲಿಲ್ಲ. ಸಮ್ಮೇಳನವೇ ರದ್ದಾಯಿತು. ಅವರು ತಮ್ಮ ದುಡ್ಡಿನಲ್ಲೇ 1500 ಪ್ರತಿ ಅಚ್ಚು ಹಾಕಿಸಿದರು.

ಆ ರಾತ್ರಿ ನಮಗೆ ಗೌಡರ ಟವಲು ನೆನಪಾಯಿತು. ಸಾಯುವ ಚೋಮನಿಗೆ ಯಾರು ಬೇಕಾದರೂ ಅಳಬಹುದು. ಅದಕ್ಕೆ ಒಂದು ಗುಂಟೆ ಭೂಮಿಯೂ ಖರ್ಚಾಗುವುದಿಲ್ಲ. ಅದೇ ಚೋಮ ಎದ್ದು ನಿಂತು ಲೆಕ್ಕ ಕೇಳಿದರೆ ಸಭೆಯೇ ರದ್ದು.

ದೇವನೂರ ಮಹಾದೇವರ 'ಒಡಲಾಳ' ಓದಿದಾಗ ಮೊದಲ ಸಲ ನಮ್ಮ ಮನೆಯನ್ನು ನಾವೇ ಪುಸ್ತಕದಲ್ಲಿ ಕಂಡೆವು. ಸಾಕವ್ವನ ಹಟ್ಟಿಯ ಜನ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯೆಲ್ಲ ಕೂತು ತಿನ್ನುತ್ತಾರೆ. ಓದುತ್ತ ನಾವು ನಕ್ಕೆವು, ನಗುತ್ತಲೇ ಕಣ್ಣು ತುಂಬಿತು. ಅಲ್ಲಿ ಅಯ್ಯೋ ಪಾಪ ಅನ್ನಿಸಿಕೊಳ್ಳಲು ಯಾರೂ ಕಾದು ಕೂತಿರಲಿಲ್ಲ. ಹಸಿವಿತ್ತು, ಜಗಳವಿತ್ತು, ನಗುವಿತ್ತು. ಅದು ಮನುಷ್ಯರ ಮನೆ.

ಈಗ ಮಕ್ಕಳಿಗೆ ಪಾಠ ಹೇಳುವ ವಯಸ್ಸೂ ಮುಗಿದ ಮೇಲೆ ನಾಗರಾಜ ಮಂಜುಳೆಯವರ 2013ರ ಮರಾಠಿ ಸಿನಿಮಾ 'ಫಂಡ್ರಿ' ನೋಡಿದೆವು. ಶಾಲೆಗೆ ಹೋಗುವ ಜಬ್ಯಾ, ಊರೆಲ್ಲ ನಗುತ್ತ ನೋಡುತ್ತಿರುವಾಗ ಅಪ್ಪನ ಜೊತೆ ಹಂದಿ ಹಿಡಿಯಬೇಕು. ಕೊನೆಗೆ ಅವನು ಒಂದು ಕಲ್ಲು ಬೀಸುತ್ತಾನೆ. ಅದು ನೇರ ನೋಡುವವರ ಮುಖಕ್ಕೇ ಬರುತ್ತದೆ. ನಾವೂ ತಲೆ ತಗ್ಗಿಸಿದೆವು. ತಗ್ಗಿಸಿದ ಮೇಲೆ ನಾಚಿಕೆಯಾಯಿತು: ಸಂಬಳ ತಗೊಂಡು ಕುರ್ಚಿಯಲ್ಲಿ ಕೂತು ನೋಡುವವರ ಸಾಲಿಗೆ ನಾವೂ ಯಾವಾಗ ಸೇರಿಬಿಟ್ಟೆವು?

ಅಪ್ಪ ಇದ್ದಿದ್ದರೆ ಆ ಹುಡುಗನನ್ನು ನೋಡಿ, ಇವ ಬಾಗ್ಲು ತಕ್ಕಂಡ ಅನ್ನುತ್ತಿದ್ದ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, 'ಚೋಮನ ದುಡಿ'ಯನ್ನು ಮಕ್ಕಳಿಗೆ ತೋರಿಸಿ, ಓದಿಸಿ. ಅತ್ತರೆ ಅಳಲಿ. ಆದರೆ ದೀಪ ಹಾಕಿದ ಮೇಲೆ ಯಾರು ಯಾರಿಂದ ಎಷ್ಟು ದೂರ ಕೂತಿದ್ದಾರೆ ಅಂತ ನೋಡಿ. ಮಾರನೇ ದಿನ ಊರಲ್ಲಿ ಸತ್ತ ಎಮ್ಮೆಯನ್ನು ಎತ್ತಲು ಯಾರನ್ನು ಕರೆದರು ಅಂತ ಆ ಮಕ್ಕಳನ್ನೇ ಕೇಳಿ.