ಟಾಕಿಯ ಮುಚ್ಚಳ

ಮೊನ್ನೆ ಮೊಮ್ಮಗನು ತನ್ನ ಹಳೆಯ ಬೈಕಿನ ಕಾರ್ಬುರೇಟರ್ ಬಿಚ್ಚಿ ಹರಡಿಕೊಂಡು ಕುಳಿತುದನ್ನು ಕಂಡು, 1964ರ ಬೇಸಿಗೆಯ ಪ್ರಸಂಗವೊಂದು ನೆನಪಾಯಿತು.

ಆಗ ನನಗೆ ಹದಿನಾಲ್ಕು ವರ್ಷ. ತಂದೆಯವರ ಬಳಿ ಒಂದು ಶೆವರ್ಲೆ ಪೆಟ್ರೋಲ್ ಲಾರಿ ಇತ್ತು. ಎರಡನೆಯ ಮಹಾಯುದ್ಧದ ತರುವಾಯ ಸೈನ್ಯ ಹರಾಜು ಹಾಕಿದವುಗಳಲ್ಲಿ ಒಂದು. 1954ರಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿಗಳು ಬರತೊಡಗಿದ್ದರೂ ಅವರು ಅದನ್ನು ಬಿಟ್ಟಿರಲಿಲ್ಲ. ಚಿಕ್ಕೋಡಿ, ರಾಯಬಾಗ ಕಡೆಯ ಹಳ್ಳಿಗಳಿಂದ ನಿಪ್ಪಾಣಿ ಪೇಟೆಗೆ ತಂಬಾಕು ಸಾಗಿಸುವುದೇ ನಮ್ಮ ಜೀವನಾಧಾರವಾಗಿತ್ತು.

ಆ ಏಪ್ರಿಲ್‌ನಲ್ಲಿ ಕಾರ್ಬುರೇಟರ್ ಸೋರತೊಡಗಿತು. ಮಿಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಅದನ್ನು ಬಿಚ್ಚಿ ತೊಳೆದು, ಜೆಟ್ಟುಗಳನ್ನು ಊದಿ, ಹೊಸ ನೀಡಲ್, ಗ್ಯಾಸ್ಕೆಟ್ ಹಾಕಿ ಜೋಡಿಸಿದ. ಲಾರಿ ಚೆನ್ನಾಗಿಯೇ ಹೊರಟಿತು. ಆದರೆ ನಾಲ್ಕೈದು ಮೈಲು ಹೋದೊಡನೆ ಕೆಮ್ಮಿ ನಿಂತಿತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಚಾಲೂ. ಅಷ್ಟೇ ದೂರಕ್ಕೆ ಮತ್ತೆ ನಿಲುಗಡೆ.

ಹುಡುಗ ಮೂರು ಸಲ ಬಿಚ್ಚಿ ಜೋಡಿಸಿದ. ಪ್ಲಗ್ಗಿನಲ್ಲಿ ಕಿಡಿ ಇತ್ತು, ಫ್ಲೋಟಿನ ಮಟ್ಟ ಸರಿಯಿತ್ತು, ಪಂಪೂ ನೆಟ್ಟಗಿತ್ತು. ಲಾರಿ ನಿಂತಾಗ ಮಾತ್ರ ಕಾರ್ಬುರೇಟರಿನ ಬಟ್ಟಲು ಬರಿದಾಗಿರುತ್ತಿತ್ತು. ಮೇಲೆ ಅಡ್ಡಮಳೆಯ ಮೋಡ, ಲಾರಿಯಲ್ಲಿ ಪರರ ತಂಬಾಕು. ತಂದೆಯವರ ಸಹನೆ ಮೀರಿತು. "ನೀ ಕೈ ಹಚ್ಚಿದ ಮ್ಯಾಲೇ ಕೆಟ್ಟತಿ ಇದು!" ಎಂದು ಹುಡುಗನ ಕೆನ್ನೆಗೆ ಹೊಡೆದರು.

ಅವನು ಕಣ್ಣೊರೆಸಿಕೊಂಡು, "ಮಾಲಕರ, ಒಮ್ಮೆ ಟಾಕಿ ಮುಚ್ಚಳ ತಗದ ನೋಡ್ತೇನ್ರಿ" ಎಂದ. ತೆಗೆದೊಡನೆ ಸುಸ್ಸೆಂದು ಗಾಳಿ ಒಳನುಗ್ಗಿತು. ಲಾರಿ ತಕ್ಷಣ ಚಾಲೂ ಆಯಿತು.

ಪೆಟ್ರೋಲ್ ಹೊರಹೋದಂತೆಲ್ಲ ಟಾಕಿಯೊಳಗೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಈ ಮುಚ್ಚಳದಲ್ಲಿ ಅದಿರಲಿಲ್ಲ. ಒಳಗೆ ಗಾಳಿಯ ಒತ್ತಡ ತಗ್ಗಿ, ಪಂಪಿಗೆ ಪೆಟ್ರೋಲ್ ಎಳೆಯಲಾಗುತ್ತಿರಲಿಲ್ಲ. ನಿಂತಾಗ ಸಂದಿನಿಂದ ಮೆಲ್ಲಗೆ ಗಾಳಿ ಸೇರಿದರೆ ಮತ್ತೆ ನಾಲ್ಕು ಮೈಲಿನ ಜೀವ. ಹುಡುಗ ಮೊಳೆಯಿಂದ ಒಂದು ತೂತು ಹೊಡೆದ. ಮಳೆಗೆ ಮುನ್ನ ನಿಪ್ಪಾಣಿ ಮುಟ್ಟಿದೆವು.

ಹಳೆಯ ಮುಚ್ಚಳ ಕಳೆದವನು ನಾನು. ಬೈಗುಳಕ್ಕೆ ಅಂಜಿ, ಯಾರಿಗೂ ಹೇಳದೆ, ತಗಡು ಕೆಲಸದವನಿಂದ ಹೊಸದು ಮಾಡಿಸಿ ಹಾಕಿದ್ದೆ. ಆ ಏಟು ಬಿದ್ದಾಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ತಂದೆಯವರು ತೀರಿಕೊಳ್ಳುವವರೆಗೂ ಬಿಡಲಿಲ್ಲ.

ವಾಯುಭಾರದ ಪಾಠದಂದು ನಾನು ಎಣ್ಣೆ ಡಬ್ಬಿ ತಂದು, ಒಂದು ತೂತಿನಿಂದ ಎಣ್ಣೆ ಸರಾಗವಾಗಿ ಬಾರದು, ಎರಡು ಬೇಕು ಎಂದು ತೋರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಆ ಪಾಠ ನನಗೆ ಕಲಿಸಿದವನು ಆ ಹುಡುಗ. ತರಗತಿಯಲ್ಲಿ ಏನಾದರೂ ಒಡೆದಾಗ, ಕೊನೆಗೆ ಕೈ ಹಚ್ಚಿದವನನ್ನು ನಾನೇಕೆ ದಂಡಿಸುತ್ತಿರಲಿಲ್ಲ ಎಂಬುದಕ್ಕೂ ಇದೇ ಉತ್ತರ.