ಗೊರಿಲ್ಲಾ, ಸಿಂಗಳೀಕ ಮತ್ತು ನನ್ನ ಕಾಲೇಜು ಫೀಸು

ಹೋದ ಭಾನುವಾರ ಮಗಳನ್ನು ಕರ್ಕೊಂಡು ಮೈಸೂರಿಗೆ ಹೋಗಿದ್ದೆ. ತುಂಬ ದಿನದಿಂದ ಅವಳದ್ದು ಒಂದೇ ಹಟ, ಗೊರಿಲ್ಲಾ ನೋಡಬೇಕು ಅಂತ. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಕೆಂಗೇರಿಯಲ್ಲಿ ಇಳಿದು, ಆಟೋದವರ ಜೊತೆ ಸ್ವಲ್ಪ ಚೌಕಾಸಿ ಮಾಡಿ, ಅಂತೂ ರೈಲು ಹಿಡಿದಿದ್ದಾಯ್ತು. ದಾರಿಯಲ್ಲಿ ಮದ್ದೂರು ವಡೆ ತಿಂದಿದ್ದೂ ಆಯ್ತು.

ಮೈಸೂರಿನ ಮೃಗಾಲಯದಲ್ಲಿ ಮೊದಲು ಪೋಲೋ ಅಂತ ಒಂದು ಗೊರಿಲ್ಲಾ ಇತ್ತು, ನಿಮಗೆ ನೆನಪಿರಬಹುದು. ಐರ್ಲೆಂಡಿನ ಡಬ್ಲಿನ್‌ನಿಂದ 1995ರಲ್ಲಿ ಬಂದಿದ್ದು. ಇಡೀ ದೇಶಕ್ಕೆ ಅದೊಂದೇ ಗೊರಿಲ್ಲಾ ಅನ್ನೋ ಹಾಗೆ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡಿತು. ಆಮೇಲೆ 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಅಂತ ಇಬ್ಬರು ಅಣ್ಣತಮ್ಮಂದಿರ ಹಾಗಿರೋ ಗಂಡು ಗೊರಿಲ್ಲಾಗಳು ಬಂದವು. ನಾವು ಹೋದಾಗ ಒಂದು ಗೊರಿಲ್ಲಾ ನಮಗೆ ಬೆನ್ನು ಹಾಕಿ ಕೂತು ಸೊಪ್ಪು ತಿಂತಾ ಇತ್ತು. ಥೇಟ್ ಊರಿನ ಜಗಲಿಯಲ್ಲಿ ಕೂತ ನಮ್ಮಜ್ಜನ ಹಾಗೆ.

ಮಗಳು ಸುಮಾರು ಹೊತ್ತು ನೋಡಿ ಕೇಳಿದಳು, “ಅಪ್ಪಾ, ಇದ್ರ ಊರಲ್ಲಿ ಯಾಕೆ ಇವು ಕಮ್ಮಿ ಆಗಿದಾವೆ?”

ನನಗೆ ಗೊತ್ತಿದ್ದಷ್ಟು ಹೇಳಿದೆ. ಮಾಂಸಕ್ಕೆ ಬೇಟೆ ಆಡ್ತಾರೆ. ಜಿಂಕೆ ಜಾತಿಯ ಪ್ರಾಣಿಗಿಟ್ಟ ಉರುಳಿಗೆ ಗೊರಿಲ್ಲಾದ ಕೈ ಸಿಕ್ಕಿಕೊಳ್ಳತ್ತೆ. ಎಬೋಲಾ ರೋಗ ಬಂದು ಕಾಡಿಗೆ ಕಾಡೇ ಖಾಲಿ ಆಗಿದ್ದೂ ಇದೆ. ಇದ್ದಿಲಿಗೆ ಅಂತ ಮರ ಕಡೀತಾರೆ. ಕಾಂಗೋದಲ್ಲಿ ನಮ್ಮ ಮೊಬೈಲಿನೊಳಗೆ ಹೋಗೋ ಕೋಲ್ಟಾನ್ ಅನ್ನೋ ಅದಿರನ್ನ ಗೊರಿಲ್ಲಾಗಳ ಕಾಡಿನಲ್ಲೇ ಅಗೀತಾರೆ. ತಾಯಿ ಗೊರಿಲ್ಲಾ ನಾಲ್ಕೈದು ವರ್ಷಕ್ಕೆ ಒಂದೇ ಮರಿ ಹಾಕೋದು, ಹಾಗಾಗಿ ಹೋದದ್ದು ತುಂಬಿಕೊಳ್ಳೋಕೆ ತಲೆಮಾರೇ ಬೇಕು.

“ನಮ್ಮೂರಲ್ಲಿ ಇಂಥದ್ದು ಇಲ್ವಾ?”

“ಗೊರಿಲ್ಲಾ ಇಲ್ಲ. ಸಿಂಗಳೀಕ ಇದೆ.”

“ನೀನು ನೋಡಿದೀಯಾ?”

“ನೋಡಿದೀನಿ. ಅದ್ರ ಊಟಾನೂ ಕದ್ದಿದೀನಿ” ಅಂದುಬಿಟ್ಟೆ. ಬಾಯಿಗೆ ಬಂದದ್ದು ಅಂದೆ ನಿಜ. ಆದ್ರೆ ಮಗಳು ಬಿಡಬೇಕಲ್ಲ! ವಾಪಸ್ ಬರೋ ರೈಲಿನಲ್ಲಿ ಪೂರ್ತಿ ಕಥೆ ಹೇಳಿಸಿಕೊಂಡಳು.

ನಮ್ಮೂರು ಸಿದ್ದಾಪುರ ತಾಲೂಕು. ಮನೆ ಹಿಂದೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು. ಕಾನಿನಲ್ಲಿ ಉಪ್ಪಾಗೆ ಮರ. ಆಷಾಢ, ಶ್ರಾವಣದ ಮಳೆಯಲ್ಲಿ ಹಣ್ಣಾಗತ್ತೆ. ಬೀಜದಿಂದ ಉಪ್ಪಾಗೆ ತುಪ್ಪ ಮಾಡೋದು ಹಿಂದಿನಿಂದ ಇತ್ತು. ಆದ್ರೆ ತೊಂಬತ್ತರ ದಶಕದಲ್ಲಿ ಒಮ್ಮಿಂದೊಮ್ಮೆಲೆ ಸಿಪ್ಪೆಗೆ ಭಯಂಕರ ರೇಟು ಬಂತು. ಅಮೆರಿಕದವರು ತೂಕ ಇಳಿಸೋ ಗುಳಿಗೆ ಮಾಡ್ತಾರಂತೆ ಅಂತ ಸುದ್ದಿ. (ಅದರಿಂದ ತೂಕ ಇಳಿಯಲ್ಲ ಅಂತ 1998ರಲ್ಲಿ ಅಮೆರಿಕದಲ್ಲೇ ನಡೆದ ಪ್ರಯೋಗದಲ್ಲಿ ಗೊತ್ತಾಯ್ತು. ಅಷ್ಟರಲ್ಲಿ ನಮ್ಮೂರ ಮರಗಳೇ ಸೊರಗಿದ್ದವು!) ಊರಿಗೆ ಊರೇ ಕಾನಿಗೆ ನುಗ್ಗಿತು. ಬೇರೆಯವರು ಕೊಯ್ದುಬಿಡ್ತಾರೆ ಅಂತ ಕಾಯೇ ಇಳಿಸೋದು, ಕೈಗೆ ಸಿಗದಿದ್ರೆ ಕೊಂಬೆಯನ್ನೇ ಕಡಿಯೋದು. ಮಳೆಗಾಲದಲ್ಲಿ ಸಿಪ್ಪೆ ಒಣಗಬೇಕು ಅಂದ್ರೆ ಬೆಂಕಿ ಬೇಕಲ್ಲ, ಅದಕ್ಕೆ ಮತ್ತೆ ಗಾಡಿಗಟ್ಟಲೆ ಸೌದೆ.

ನಾನು ಆಗ ಪಿಯುಸಿ. ಒಂದು ದಿನ ಆಯಿ ಜೊತೆ ಹೋದವನು ಮರ ಹತ್ತಿ ದೋಟಿಯಲ್ಲಿ ಹೊಡೀತಾ ಇದ್ದೆ. ಪಕ್ಕದ ಮರದ ತುದಿಯಲ್ಲಿ ಸಿಂಗಳೀಕದ ಗುಂಪು. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಸಿಂಹದ ಬಾಲದ ಹಾಗೆ ಕುಚ್ಚು. ಮರಿ ಅಪ್ಪಿಕೊಂಡ ತಾಯಿಯೊಂದು ಸುಮ್ಮನೆ ನನ್ನನ್ನೇ ನೋಡ್ತಾ ಕೂತಿತ್ತು. ಮಂಗನ ಹಾಗೆ ಹಲ್ಲು ಕಿಸೀಲಿಲ್ಲ, ಓಡಲೂ ಇಲ್ಲ. ಕೆಳಗಿಂದ ಆಯಿ ಅಂದಳು, “ಅವಕ್ಕೂ ನಾಲ್ಕು ಬಿಡಾ, ತಮಾ.”

ನಾನು ಬಿಡಲಿಲ್ಲ. ಆ ವರ್ಷ ಮನೆಯಲ್ಲಿ ದುಡ್ಡಿರಲಿಲ್ಲ. ಉಪ್ಪಾಗೆ ಸಿಪ್ಪೆ ಮಾರಿದ ದುಡ್ಡಲ್ಲೇ ನನ್ನ ಫೀಸು ಕಟ್ಟಿದ್ದು.

ಇವತ್ತಿಗೂ ಅದು ತಪ್ಪು ಅಂತ ಪೂರ್ತಿ ಒಪ್ಪಿಕೊಳ್ಳೋಕೆ ನನಗೆ ಆಗಲ್ಲ. ಇಲ್ಲೇ ಗೊರಿಲ್ಲಾ ವಿಷಯ ಮತ್ತೆ ಬರೋದು. ಆಫ್ರಿಕಾದ ವಿರುಂಗ ಬೆಟ್ಟಗಳಲ್ಲಿ 1980ರ ದಶಕದಲ್ಲಿ ಬೆಟ್ಟದ ಗೊರಿಲ್ಲಾಗಳು ಸುಮಾರು 250ಕ್ಕೆ ಇಳಿದಿದ್ದವು. ಅವುಗಳ ಮಧ್ಯೆಯೇ ಬದುಕಿದ್ದ ಡಯಾನ್ ಫಾಸಿ 1985ರಲ್ಲಿ ಕೊಲೆಯಾದರು. ಈಗ ಅಲ್ಲಿನ ಸಂಖ್ಯೆ 600 ದಾಟಿದೆ, ಬ್ವಿಂಡಿ ಕಾಡಿನವೂ ಸೇರಿದರೆ 1,000ಕ್ಕೂ ಹೆಚ್ಚು. ಕಾವಲುಗಾರರು ದಿನಾ ಕಾಡು ಸುತ್ತಿ ಉರುಳು ತೆಗೆದರು, ಪಶುವೈದ್ಯರು ಕಾಡಿಗೇ ಹೋಗಿ ಔಷಧಿ ಕೊಟ್ಟರು. ಇವೆರಡರ ಜೊತೆ ಇನ್ನೊಂದು ಕೆಲಸವೂ ಆಯ್ತು. ರುವಾಂಡಾದಲ್ಲಿ ಗೊರಿಲ್ಲಾ ನೋಡೋಕೆ ಒಬ್ಬರಿಗೆ 1,500 ಡಾಲರ್, ಪ್ರವಾಸದ ಆದಾಯದಲ್ಲಿ ಶೇಕಡಾ 10 ಪಕ್ಕದ ಹಳ್ಳಿಗಳಿಗೆ. ಹಳ್ಳಿಯವರಿಗೆ ಗೊರಿಲ್ಲಾ ಸತ್ತರೆ ನಷ್ಟ ಅನ್ನೋ ಹಾಗಾಯ್ತು. ಅವರ ಹೊಟ್ಟೆಯ ಲೆಕ್ಕ ಬಿಟ್ಟು ಬರೀ ಬೇಲಿ ಹಾಕಿದ್ರೆ ಯಾವ ಪ್ರಾಣಿಯೂ ಉಳಿಯಲ್ಲ ಅನ್ಸತ್ತೆ.

ನಮ್ಮಲ್ಲೂ ಅಂಥದ್ದೊಂದು ಪ್ರಯತ್ನ ಆಗಿತ್ತು. ಸಿಂಗಳೀಕ ಇರೋದು ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಲ್ಲಿ ಮಾತ್ರ. ಎಲ್ಲಾ ಸೇರಿ 4,000 ದಾಟಲಾರವು ಅಂತ ಅಂದಾಜು. ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಲ್ಲೇ 600ಕ್ಕೂ ಹೆಚ್ಚು ಇದಾವೆ ಅಂತ ಎಣಿಕೆ ಮಾಡಿದವರು ಹೇಳಿದರು. 2011ರಲ್ಲಿ ಅಘನಾಶಿನಿ ಕಣಿವೆಯನ್ನ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಮಾಡಿದರು. ಅಭಯಾರಣ್ಯ ಅಲ್ಲ, ಮೀಸಲು. ಊರವರು ಎದ್ದು ಹೋಗಬೇಕಿಲ್ಲ, ಉಪ್ಪಾಗೆ ಕೊಯ್ಯಬಹುದು. ಆದ್ರೆ ಹಣ್ಣಾದ ಮೇಲೆ ಕೊಯ್ಯಿ, ಕೊಂಬೆ ಕಡೀಬೇಡ, ಒಂದಿಷ್ಟು ಮರದಲ್ಲೇ ಬಿಡು ಅಂತ ತಿಳುವಳಿಕೆ. ಕಡಿಮೆ ಸೌದೆ ಬೇಡುವ ಒಲೆಗಳೂ ಬಂದವು. ಆಯಿ ಮರದ ಕೆಳಗೆ ನಿಂತು ಹೇಳಿದ್ದೂ ಅದೇ ಅಲ್ವಾ?

2019ರಲ್ಲಿ ಅದನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯ್ತು. ಊರಲ್ಲಿ ಗಾಬರಿ. ನಾಳೆ ಬೆಟ್ಟದ ಸೊಪ್ಪು ತರೋಕೂ ಬಿಡದಿದ್ರೆ ಏನು ಮಾಡೋದು ಅಂತ ಅಪ್ಪಯ್ಯನಿಗೆ ನಿದ್ದೆ ಇಲ್ಲ.

ತಮಾಷೆ ನೋಡಿ, ಸೊಪ್ಪು ತರೋ ಅಪ್ಪಯ್ಯನಿಗೆ ಹೆದರಿಕೆ. ಆದ್ರೆ ಅದೇ ಅಭಯಾರಣ್ಯದೊಳಗೆ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯಿಂದ ತಾತ್ವಿಕ ಒಪ್ಪಿಗೆ! ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ. ಕರೆಂಟು ಹೆಚ್ಚಿಗೆ ಇರೋ ಹೊತ್ತಲ್ಲಿ ಕೆಳಗಿನ ನೀರನ್ನ ಮೇಲೆತ್ತೋದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ಕರೆಂಟು ಮಾಡೋದು. ಎತ್ತೋಕೆ ಬೇಕಾಗೋವಷ್ಟು ಕರೆಂಟು ವಾಪಸ್ ಬರಲ್ಲ, ಆದ್ರೆ ಬೇಕಾದ ಹೊತ್ತಿಗೆ ಸಿಗತ್ತೆ. ಅದಕ್ಕೆ ಸುರಂಗ, ರಸ್ತೆ, ಸಾವಿರಾರು ಮರ. ಸಿಂಗಳೀಕ ನೆಲಕ್ಕಿಳಿಯೋದೇ ಅಪರೂಪ. ಮರದಿಂದ ಮರಕ್ಕೆ ಹಾರೋ ದಾರಿ ತುಂಡಾದರೆ ಗುಂಪೇ ತುಂಡಾಗತ್ತೆ. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆ ದಾಟೋಕೆ ಅಂತ ಮರಗಳ ಮಧ್ಯೆ ತೂಗುಸೇತುವೆ ಕಟ್ಟಿಕೊಟ್ಟಿದಾರೆ, ಅಷ್ಟು ಕಷ್ಟ ಅವುಗಳದ್ದು.

ಇಷ್ಟು ಕೇಳಿ ಮಗಳು, “ಹಾಗಾದ್ರೆ ಅಷ್ಟು ಕರೆಂಟು ಯಾರಿಗಪ್ಪಾ?” ಅಂದಳು. ರೈಲು ಬಿಡದಿ ದಾಟಿತ್ತು. ಕಿಟಕಿಯಾಚೆ ಕೆಂಗೇರಿಯ ಅಪಾರ್ಟ್‌ಮೆಂಟುಗಳ ಲೈಟು ಸಾಲು ಸಾಲಾಗಿ ಹತ್ತಿಕೊಳ್ತಾ ಇದ್ದವು. ನಾನು ಏನೂ ಹೇಳಲಿಲ್ಲ. ಅವಳೇ ನೋಡಿದಳು.

ಮನೆಗೆ ಬಂದು ಊರಿಗೆ ಫೋನ್ ಮಾಡಿದೆ. ಉಪ್ಪಾಗೆ ಹೇಗಿದೆ ಅಂತ ಕೇಳಿದ್ರೆ ಆಯಿ, “ರಾಶಿ ಬೈಂದು. ಕೊಯ್ಯಲೆ ಜನ ಇಲ್ಲೆ ತಮಾ, ಎಲ್ಲಾ ಬೆಂಗ್ಳೂರಲ್ಲಿದ್ದ” ಅಂದಳು.

ಅಂದ್ರೆ ಈಗ ಹಣ್ಣು ಸಿಂಗಳೀಕಕ್ಕೇ ಉಳಿದಿದೆ. ದೋಟಿ ಹಿಡಿದವರೆಲ್ಲ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಸೇರಿದೀವಿ. ಅಲ್ಲಿದ್ದಾಗ ನಾವು ಕೊಯ್ದದ್ದು ಹಣ್ಣು, ಇಲ್ಲಿ ಕೂತು ಕೇಳ್ತಿರೋದು ಮರ. ಹಣ್ಣು ಕೊಯ್ಯೋ ಹಳ್ಳಿಯವನಿಗೆ ಶರತ್ತು ಹಾಕಿದ ಹಾಗೆ ನಮಗ್ಯಾರೂ ಹಾಕಿಲ್ಲ, ನಾವೇ ಹಾಕ್ಕೋಬೇಕು.

ಸೋಮವಾರದಿಂದ ನಮ್ಮನೇಲಿ ವಾಷಿಂಗ್ ಮಷೀನು, ಇಸ್ತ್ರಿಪೆಟ್ಟಿಗೆ, ಸಂಪಿನ ಮೋಟರು ಸಂಜೆ ಆರರಿಂದ ಹತ್ತರವರೆಗೆ ಬಂದ್. ಬಿಸಿಲಿದ್ದಾಗಲೇ ಎಲ್ಲ. ಅದರಿಂದ ಯೋಜನೆ ನಿಲ್ಲಲ್ಲ, ನಂಗೂ ಗೊತ್ತು. ಅದಕ್ಕೇ ಒಂದು ಪತ್ರಾನೂ ಬರೀತಾ ಇದೀನಿ, ಅರಣ್ಯ ಸಚಿವಾಲಯಕ್ಕೆ. ಮಗಳು ಕೆಳಗೆ ಸಿಂಗಳೀಕದ ಚಿತ್ರ ಬಿಡಿಸಿದಾಳೆ. ಬಾಲದ ಕುಚ್ಚು ಸ್ವಲ್ಪ ದೊಡ್ಡದಾಗಿದೆ, ಇರ್ಲಿ ಬಿಡಿ.